ಆ ಸೇತುವೆ ಯಾವ ವೆಲ್ಲೆಸ್ಲಿಯದು?

ತಪ್ಪು ಕಲ್ಪನೆ: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಇಟ್ಟಿರುವುದು ವಾಟರ್‌ಲೂ ವೀರನ ಹೆಸರು.

ವಾಸ್ತವ: ಕಾವೇರಿಯ ನೀರು ಇಳಿದಾಗ ಹೋಗಿ ನೋಡಿ. ಬಂಡೆಯ ಮೇಲೆ ಒರಟು ಕಲ್ಲುಕಂಬಗಳು ಸಾಲಾಗಿ ನಿಂತಿವೆ, ಅವುಗಳ ಮೇಲೆ ಕಲ್ಲಿನದೇ ತೊಲೆ. ದಿವಾನ್ ಪೂರ್ಣಯ್ಯನವರು ಅದನ್ನು ಕಟ್ಟಿಸಿ ಮುಗಿಸಿದ್ದು 1804ರಲ್ಲಿ. ವಾಟರ್‌ಲೂ ಕದನಕ್ಕೆ ಇನ್ನೂ 11 ವರ್ಷವಿತ್ತು. ಸೇತುವೆಗೆ ಇಟ್ಟದ್ದು ಅಂದಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರು. ವಾಟರ್‌ಲೂ ವೀರ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಆರ್ಥರ್ ಅವನ ತಮ್ಮ. ಈ ಇಬ್ಬರನ್ನು ಒಬ್ಬನೆಂದೇ ತಿಳಿದಿರುವವರು ಬಹಳ.

ತಪ್ಪು ಕಲ್ಪನೆ: 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ಆರ್ಥರ್.

ವಾಸ್ತವ: ಮುಂದಾಳು ಡೇವಿಡ್ ಬೇರ್ಡ್. ಹಿಂದಿನ ಯುದ್ಧವೊಂದರಲ್ಲಿ ಸೆರೆಸಿಕ್ಕು ಅದೇ ಊರಿನಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದವನು. ಆರ್ಥರ್ ಆ ದಿನ ಮೀಸಲು ಪಡೆಯೊಂದಿಗೆ ಕಂದಕದಲ್ಲಿದ್ದ. ಆದರೆ ಗೆದ್ದ ಕೋಟೆಯ ಅಧಿಕಾರ ಕೈಸೇರಿದ್ದು ಅವನಿಗೇ. ಬೇರ್ಡ್ ಕುದಿದುಹೋದ. ನನಗೆ ಅವನ ಸಿಟ್ಟು ನ್ಯಾಯವೆನಿಸುತ್ತದೆ. ಮೈಸೂರಿನ ಹಣೆಬರಹ ತೀರ್ಮಾನಿಸಲು ಕೂತ ಐವರ ಆಯೋಗದಲ್ಲೂ ಆರ್ಥರ್ ಇದ್ದ, ಇನ್ನೊಬ್ಬ ತಮ್ಮ ಹೆನ್ರಿಯೂ ಇದ್ದ. ಟಿಪ್ಪುವಿನ ರಾಜ್ಯವನ್ನು ಹಂಚಿದ ಕೈಗಳಲ್ಲಿ ಎರಡು ಗವರ್ನರ್ ಜನರಲ್‌ನ ಒಡಹುಟ್ಟಿದವರವು ಎಂಬುದನ್ನು ನಾವು ಮರೆಯಬಾರದು.

ತಪ್ಪು ಕಲ್ಪನೆ: ವೆಲ್ಲೆಸ್ಲಿ ಸೋದರರದು ತಲೆತಲಾಂತರದ ಇಂಗ್ಲಿಷ್ ಸಿರಿವಂತ ಮನೆತನ.

ವಾಸ್ತವ: ಐರ್ಲೆಂಡಿನಲ್ಲಿ ನೆಲೆಸಿದ ಮನೆತನ, ಮೂಲ ಹೆಸರು ಕಾಲಿ. ಅಜ್ಜ 1728ರಲ್ಲಿ ನೆಂಟನೊಬ್ಬನ ಆಸ್ತಿಯೊಂದಿಗೆ ವೆಸ್ಲಿ ಎಂಬ ಹೆಸರನ್ನೂ ಪಡೆದ. ಅದು ವೆಲ್ಲೆಸ್ಲಿ ಆದದ್ದು 1798ರ ಹೊತ್ತಿಗೆ. ತಂದೆ ಮಾರ್ನಿಂಗ್ಟನ್‌ನ ಅರ್ಲ್ ಗ್ಯಾರೆಟ್ ವೆಸ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. 1781ರಲ್ಲಿ ಅವನು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಬಿರುದು ಮತ್ತು ಸಾಲ. ಇಪ್ಪತ್ತರ ರಿಚರ್ಡ್ ಮನೆಯ ಯಜಮಾನನಾದ. ತಮ್ಮನಿಗೆ ಸೈನ್ಯದ ಕೆಲಸ ಕೇಳಿ ಪತ್ರ ಬರೆದವನು ಅವನೇ. ಮೇಜರ್ ಹುದ್ದೆ ಕೊಳ್ಳಲು ದುಡ್ಡು ಹೊಂದಿಸಿದವನೂ ಅವನೇ. ಆಗ ಸೈನ್ಯದ ಹುದ್ದೆಗಳು ಹಣಕ್ಕೆ ಸಿಗುತ್ತಿದ್ದವು.

ತಪ್ಪು ಕಲ್ಪನೆ: ರಾಜಕೀಯದಲ್ಲೂ ಅಣ್ಣತಮ್ಮಂದಿರದು ಒಂದೇ ಮಾತು.

ವಾಸ್ತವ: ಅಧಿಕಾರದ ಮಟ್ಟಿಗೆ ಹೌದು. ರಿಚರ್ಡ್ ವಿದೇಶಾಂಗ ಮಂತ್ರಿಯಾದ, ಮತ್ತೊಬ್ಬ ತಮ್ಮ ವಿಲಿಯಂ ಟಂಕಸಾಲೆಯ ಮುಖ್ಯಸ್ಥನಾದ, ಹೆನ್ರಿ ರಾಯಭಾರಿಯಾದ. ಆದರೆ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಬೇಕೆಂಬುದು ರಿಚರ್ಡ್‌ನ ನಿಲುವು, ಆರ್ಥರ್ ಒಪ್ಪಲಿಲ್ಲ. 1828ರಲ್ಲಿ ತಮ್ಮ ಪ್ರಧಾನಿಯಾದಾಗ, ಐರ್ಲೆಂಡಿನ ವೈಸ್‌ರಾಯ್ ಆಗಿದ್ದ ಅಣ್ಣ ರಾಜೀನಾಮೆ ಕೊಟ್ಟು ಹೊರಬಂದ. ಮರುವರ್ಷ ಐರ್ಲೆಂಡ್ ದಂಗೆಯ ಅಂಚಿಗೆ ಬಂದಾಗ ಆರ್ಥರ್ ಅದೇ ಬಾಗಿಲು ತೆರೆಯುವ ಕಾನೂನನ್ನು ತಾನೇ ಮುಂದೆ ನಿಂತು ಜಾರಿಗೆ ತಂದ. ಅದೂ ಅವನ ಹೆಸರಿಗೇ ಸೇರಿತು.