ಸರಾಸರಿಯ ಲೆಕ್ಕಕ್ಕೆ ಸಿಗದ ಖಾನಾಪುರ

ಬೆಳಿಗ್ಗೆ ಖಾನಾಪುರದ ಬಸ್ ನಿಲ್ದಾಣಕ್ಕೆ ಹೋದರೆ ತಾಲೂಕಿನ ಅರ್ಥವ್ಯವಸ್ಥೆಯ ಮೊದಲ ಪಾಠ ಅಲ್ಲಿಯೇ ಸಿಗುತ್ತದೆ. ಬೆನ್ನಿಗೆ ಚೀಲ ಏರಿಸಿಕೊಂಡ ಕಾಲೇಜು ವಿದ್ಯಾರ್ಥಿಗಳು, ಊಟದ ಡಬ್ಬಿ ಹಿಡಿದ ಕೆಲಸಗಾರರು, ಆಸ್ಪತ್ರೆಗೆ ಹೊರಟ ವಯಸ್ಸಾದವರು, ಹೀಗೆ ಅನೇಕರ ದಾರಿ ಸುಮಾರು 26 ಕಿ.ಮೀ. ದೂರದ ಬೆಳಗಾವಿಯ ಕಡೆಗೆ. ಸಂಜೆ ಅದೇ ಜನ ಮರಳುತ್ತಾರೆ. ಇವರು ಯಾವ ಊರಿನವರು? ಜನಗಣತಿಯ ಪುಸ್ತಕದಲ್ಲಿ ಇವರು ಖಾನಾಪುರದವರು. ದುಡಿಮೆಯ ಲೆಕ್ಕದಲ್ಲಿ ಬೆಳಗಾವಿಯವರು. ಎರಡೂ ಸರಿ. ಯಾವ ಪ್ರಶ್ನೆಗೆ ಯಾವ ಅಂಕಿ ಎಂಬುದನ್ನು ತಿಳಿದು ಓದಬೇಕು, ಅಷ್ಟೆ.

ಒಂದು ಸಣ್ಣ ಭಾಗಾಕಾರ

2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ವಿಸ್ತೀರ್ಣ 13,415 ಚದರ ಕಿ.ಮೀ. ಭಾಗಿಸಿದರೆ ಚದರ ಕಿ.ಮೀ.ಗೆ 356 ಜನ. ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಪಾಠ ಶುರುವಾಗುವುದು ಇಲ್ಲಿಂದ.

ಬೆಳಗಾವಿ ನಗರದ ಸುಮಾರು 94 ಚದರ ಕಿ.ಮೀ.ನಲ್ಲಿ ಆಗ 4.88 ಲಕ್ಷ ಜನರಿದ್ದರು. ಅಂದರೆ ಚದರ ಕಿ.ಮೀ.ಗೆ ಐದು ಸಾವಿರಕ್ಕೂ ಹೆಚ್ಚು. ಖಾನಾಪುರ ತಾಲೂಕಿನ ಭೀಮಗಡ ವನ್ಯಜೀವಿಧಾಮ 2011ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಅದರ ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. ಜಿಲ್ಲೆಯ ಸರಾಸರಿಯನ್ನೇ ನಂಬಿದರೆ ಆ ಕಾಡಿನಲ್ಲಿ 67 ಸಾವಿರ ಜನ ಇರಬೇಕಿತ್ತು! ಅಲ್ಲಿರುವುದು ಗವಾಳಿ, ಕೊಂಗಳಾ, ಆಮಗಾಂವದಂಥ ಬೆರಳೆಣಿಕೆಯ ಪುಟ್ಟ ಹಳ್ಳಿಗಳು. ತರಗತಿಯ ಸರಾಸರಿ ಅಂಕ 50 ಎಂದ ಮಾತ್ರಕ್ಕೆ ಪ್ರತಿಯೊಬ್ಬರೂ 50 ತೆಗೆದರು ಎಂದಲ್ಲವಲ್ಲ!

ಮಳೆ ಎಳೆದ ಗೆರೆ

ಜನ ಹೀಗೆ ಹಂಚಿಹೋಗಲು ಮುಖ್ಯ ಕಾರಣ ಮಳೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಕಣಕುಂಬಿಯ ಸುತ್ತ ಧಾರಾಕಾರವಾಗಿ ಸುರಿಯುತ್ತದೆ. ಗುಡ್ಡ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ನೀರು ಕಡಿಮೆ. ಹಾಗಾಗಿ ಪಶ್ಚಿಮದಲ್ಲಿ ದಟ್ಟ ಕಾಡು, ಭತ್ತ, ಗೇರು. ಪೂರ್ವದ ಬೀಡಿ, ಇಟಗಿ ಕಡೆ ಬಯಲು ಹೊಲ, ದೊಡ್ಡ ಊರು. ನಡುವಿನ ಜೇಡಿಮಣ್ಣು ಖಾನಾಪುರಕ್ಕೆ ಹೆಂಚು, ಇಟ್ಟಿಗೆ, ಮಡಕೆಯ ಉದ್ಯೋಗ ಕೊಟ್ಟಿತು. ಆ ಮಣ್ಣಿನ ಕಬ್ಬಿಣದ ಅಂಶವೇ ಸುಟ್ಟಾಗ ಹೆಂಚಿಗೆ ಕೆಂಪು ಬಣ್ಣ ತರುತ್ತದೆ. ಇತ್ತ ಬೆಳಗಾವಿ ಎರಕದ ಕಾರ್ಖಾನೆ, ಯಂತ್ರದ ಬಿಡಿಭಾಗ, ಸೇನಾ ತರಬೇತಿ ಕೇಂದ್ರ, ಕಾಲೇಜುಗಳ ಊರಾಗಿ ಬೆಳೆಯಿತು. 1916ರಲ್ಲಿ ಕೆ.ಎಲ್.ಇ. ಸಂಸ್ಥೆ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲಿ ಆರಂಭವಾದವು.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯ ತುಂಬುತ್ತಾಳೆ. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಬರುವ ನೀರು ಅದು. ಇದೇ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ, ಗೋವಾಕ್ಕೆ ಹರಿಯುತ್ತಾಳೆ. ಹೀಗೆ ಜನ ಕಡಿಮೆ ಇರುವ ಕಾಡೇ ಜನ ಹೆಚ್ಚಿರುವ ಊರುಗಳ ಬಾಯಾರಿಕೆ ತಣಿಸುತ್ತಿದೆ.

ಭಾಷೆ ಮತ್ತು ಮತ

1881ರ ಎಣಿಕೆಯಲ್ಲಿ ಜಿಲ್ಲೆಯ ಶೇ. 64.39 ಜನ ಕನ್ನಡಿಗರು, ಶೇ. 26.04 ಜನ ಮರಾಠಿ ಭಾಷಿಕರು. 2011ರಲ್ಲಿ ಈ ಪ್ರಮಾಣ ಕ್ರಮವಾಗಿ ಸುಮಾರು 68 ಮತ್ತು 19. ಹಾಗೆಂದು ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬಹುದೇ? ಅವಸರ ಬೇಡ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲೂಕು ಈ ಜಿಲ್ಲೆಯಿಂದ ಬೇರೆಯಾಯಿತು. ಅಳೆಯುವ ನೆಲವೇ ಬದಲಾದ ಮೇಲೆ ಅಳತೆಯೂ ಬದಲಾಗುತ್ತದೆ. ಖಾನಾಪುರದ ಪೂರ್ವದಲ್ಲಿ ಕನ್ನಡ, ಪಶ್ಚಿಮದಲ್ಲಿ ಮರಾಠಿ ಹೆಚ್ಚು. ಸಂತೆಯ ದಿನ ವ್ಯಾಪಾರ ಎರಡರಲ್ಲೂ ನಡೆಯುತ್ತದೆ.

ಗಡಿ ವಿವಾದದ ಬಿಸಿ ಚುನಾವಣೆಗೂ ತಟ್ಟಿತ್ತು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರಕ್ಕೆ ನಿಂತವರು 456 ಮಂದಿ! ನಲ್ಗೊಂಡದಲ್ಲಿ 480 ಜನ ಸ್ಪರ್ಧಿಸಿದ್ದೂ ಅದೇ ಚುನಾವಣೆಯಲ್ಲಿ. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ, 500 ರೂಪಾಯಿ ಇದ್ದ ಠೇವಣಿ 10,000ಕ್ಕೆ ಏರಿತು. ಒಂದು ಜಿಲ್ಲೆಯ ನಾಗರಿಕರ ನಡೆ ಇಡೀ ದೇಶದ ನಿಯಮಕ್ಕೆ ಕೈ ಹಚ್ಚಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ.

ಕಡಿಮೆ ಜನರ ಕಷ್ಟ

ಬಯಲು ಪ್ರದೇಶದಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ದೇಶದ ಮಾನದಂಡ. ನಿಯಮ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೆಲವೇ ಮನೆಗಳ ಹಳ್ಳಿಗೆ 3,000 ಎಂಬ ಸಂಖ್ಯೆ ಎಂದಿಗೂ ಎಟುಕದು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಕಾಯಿಲೆಯವರನ್ನು ಬಿದಿರಿನ ಡೋಲಿಯಲ್ಲಿ ಹೊತ್ತು ರಸ್ತೆಗೆ ತರಬೇಕು. 2024ರ ಮಳೆಗಾಲದಲ್ಲೂ ಇಂಥ ಸುದ್ದಿ ಬಂದಿತ್ತು. ಕಾಡಿನ ನಡುವೆ ಡಾಂಬರು ರಸ್ತೆ ಮಾಡಿದರೆ ವನ್ಯಜೀವಿಗಳಿಗೆ ತೊಂದರೆ. ಮಾಡದಿದ್ದರೆ ಮನುಷ್ಯರಿಗೆ ತೊಂದರೆ. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳು ಸ್ವಇಚ್ಛೆಯಿಂದ ಹೊರಬರಲು ಒಪ್ಪಿ ಪರಿಹಾರದ ಮೊದಲ ಕಂತು ಪಡೆದವು. ಮಕ್ಕಳ ಶಾಲೆ ಒಂದು ತಕ್ಕಡಿಯಲ್ಲಿ, ಅಜ್ಜ-ಮುತ್ತಜ್ಜರ ಗದ್ದೆ ಇನ್ನೊಂದರಲ್ಲಿ. ಈ ತೂಕವನ್ನು ಆ ಮನೆಯವರೇ ಮಾಡಬೇಕು. ಅವರಿಗಾಗಿ ಬೇರೆ ಯಾರೂ ಮಾಡಲಾಗದು.

ಎಣಿಸುವ ದಿನ

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೊರೋನಾದಿಂದ ಮುಂದೆ ಹೋಯಿತು. ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಸರ್ಕಾರ ಗೊತ್ತುಮಾಡಿದೆ. 2011ರ ನಂತರ ಹುಟ್ಟಿ ಇಂದು ಶಾಲೆಯಲ್ಲಿರುವ ಮಕ್ಕಳು ಇದುವರೆಗೆ ಯಾವ ಜನಗಣತಿಯಲ್ಲೂ ಸೇರಿಲ್ಲ!

ಗಣತಿದಾರರು ಮನೆಗೆ ಬಂದಾಗ ತಂದೆ-ತಾಯಿಯ ಪಕ್ಕದಲ್ಲಿ ಮಕ್ಕಳೂ ಕೂಡಬೇಕು. ವಯಸ್ಸು, ಓದು, ಕೆಲಸ, ಮಾತೃಭಾಷೆ ಸರಿಯಾಗಿ ಬರೆಸುವಂತೆ ನೋಡಿಕೊಳ್ಳಬೇಕು. ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಗೆ ಹೋಗಿ, ತಮ್ಮ ಊರಿನ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕೇಳಬೇಕು. ಜನಗಣತಿಯ ಪಟ್ಟಿಯಲ್ಲಿ ಆಮಗಾಂವ ಒಂದು ಸಾಲು ಮಾತ್ರ. ಆ ಸಾಲಿನ ಹಿಂದೆ ಮನೆಗಳಿವೆ, ಮಕ್ಕಳಿದ್ದಾರೆ ಎಂಬುದನ್ನು ಓದುವವರು ಮರೆಯಬಾರದು.