ಮಗ್ಗದ ಮನೆಗೆ ಬಂದ ಗಣಕ

ಬೆಳಗಾವಿಯ ದಕ್ಷಿಣ ಭಾಗದಲ್ಲಿರುವ ವಡಗಾವಿ ನೇಕಾರರ ನೆಲೆ. ಶಹಾಪುರ, ಖಾಸಬಾಗಗಳಂತೆ ಇಲ್ಲಿಯ ಓಣಿಗಳಲ್ಲಿಯೂ ಮಗ್ಗದ ಸದ್ದು ಬಹುಕಾಲದಿಂದ ಕೇಳಿಬಂದಿದೆ. ನೇಕಾರನ ಮನೆಯಲ್ಲಿ ಲಾಳಿ ಸವೆದರೆ ಲಾಳಿಯನ್ನು, ಹಣಿಗೆ ಕೆಟ್ಟರೆ ಹಣಿಗೆಯನ್ನು ಬದಲಾಯಿಸುತ್ತಾರೆ. ಲಾಳಿ ಸವೆಯಿತೆಂದು ಮಗ್ಗವನ್ನೇ ಗುಜರಿಗೆ ಹಾಕುವವರುಂಟೆ? ತಂದೆ ನೇಯ್ದ ಮಗ್ಗದಲ್ಲಿ ಮಗನೂ ನೇಯುವುದು ಹೀಗೆಯೇ ಸಾಧ್ಯವಾಗುತ್ತದೆ.

ಇಂಥ ಮನೆಗೆ ಈಗ ಗಣಕಯಂತ್ರವೂ ಬರುತ್ತಿದೆ. ಕಾಲೇಜಿಗೆ ಹೋಗುವ ಮಗಳಿಗೆ ಅದು ಬೇಕು; ಸೀರೆಯ ಅಂಚು ಸೆರಗುಗಳ ವಿನ್ಯಾಸ ಬಿಡಿಸಲು, ನೂಲಿನ ಲೆಕ್ಕವಿಡಲು ತಂದೆಗೂ ಬೇಕು. ಹಲವು ತಿಂಗಳ ಉಳಿತಾಯವನ್ನು ಒಮ್ಮೆಗೇ ತೆತ್ತು ಕೊಳ್ಳಬೇಕಾದ ವಸ್ತುವದು. ಬಿಚ್ಚಿ ದುರಸ್ತಿ ಮಾಡಬಹುದಾದ ಲ್ಯಾಪ್‌ಟಾಪೋ, ಅಂಗೈಯಗಲದ ಮಿನಿ ಕಂಪ್ಯೂಟರೋ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ.

ಮಗ್ಗಕ್ಕೂ ಗಣಕಕ್ಕೂ ಇರುವ ನಂಟು ಹಳೆಯದು. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡನು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಮಗ್ಗವನ್ನು ನಡೆಸುವ ಉಪಾಯವನ್ನು ರೂಪಿಸಿದನು. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುವುದು, ಇಲ್ಲದಲ್ಲಿ ಕೆಳಗೇ ಉಳಿಯುವುದು. ಹೀಗೆ ಬಟ್ಟೆಯಲ್ಲಿ ಹೂಬಳ್ಳಿ ಮೂಡುತ್ತದೆ. ಇದನ್ನು ಕಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತಾನು ಯೋಜಿಸಿದ ಲೆಕ್ಕದ ಯಂತ್ರಕ್ಕೂ ಇಂಥ ಪಟ್ಟಿಗಳನ್ನೇ ಬಳಸಲು ಎಣಿಸಿದನು. ಒಂದು ಪಟ್ಟಿ ಹರಿದರೆ ಅದೊಂದನ್ನೇ ಹೊಸದಾಗಿ ಕೊರೆದರೆ ಸಾಕು. ಮಗ್ಗದ ಈ ಗುಣ ಇಂದಿನ ಅನೇಕ ಗಣಕಗಳಿಗೆ ಉಳಿದಿಲ್ಲ.

ಲ್ಯಾಪ್‌ಟಾಪಿನ ಒಳಗೆ ಬೇಗ ಸೋಲುವ ಭಾಗವೆಂದರೆ ಬ್ಯಾಟರಿ. ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿ ಚಾರ್ಜು ಮಾಡುವಷ್ಟರಲ್ಲಿ ಅದರ ಶಕ್ತಿ ಐದರಲ್ಲೊಂದು ಪಾಲು ಕುಗ್ಗುತ್ತದೆ. ಮುಂದೆ ರ್‍ಯಾಮ್ ಸಾಲದಾಗುತ್ತದೆ, ಸಂಗ್ರಹದ ಜಾಗ ತುಂಬುತ್ತದೆ. ಮಗ್ಗದ ಮನೆಯಲ್ಲಿ ಇನ್ನೊಂದು ತೊಂದರೆಯೂ ಉಂಟು: ನೂಲಿನ ನವಿರಾದ ಧೂಳು ಫ್ಯಾನಿನೊಳಗೆ ಸೇರಿ ಗಾಳಿಯನ್ನು ತಡೆದು ಯಂತ್ರವನ್ನು ಕಾಯಿಸುತ್ತದೆ. ತಳದ ಸ್ಕ್ರೂಗಳನ್ನು ಬಿಚ್ಚಲು ಬರುವಂತಿದ್ದರೆ ಇವೆಲ್ಲ ಸಣ್ಣ ಕೆಲಸಗಳು. ಆದರೆ ತೆಳುವಾಗಿಸುವ ಹಂಬಲದಲ್ಲಿ ಎಷ್ಟೋ ಮಾದರಿಗಳಲ್ಲಿ ರ್‍ಯಾಮನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿರುತ್ತಾರೆ, ಬ್ಯಾಟರಿಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ಅಂಥದ್ದು ಕೊಳ್ಳುವ ದಿನ ಹಗುರ; ಕೆಟ್ಟ ದಿನ ಬಲು ಭಾರ.

ಇದಕ್ಕೆ ಪ್ರತಿಯಾಗಿ ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆಯು 2021ರಲ್ಲಿ ಕೀಲಿಮಣೆ, ಪರದೆ, ಬ್ಯಾಟರಿ, ಕೊನೆಗೆ ಮುಖ್ಯ ಫಲಕವನ್ನು ಕೂಡ ಬಳಕೆದಾರನೇ ಬದಲಿಸಬಹುದಾದ ಲ್ಯಾಪ್‌ಟಾಪನ್ನು ಹೊರತಂದಿತು. ಭಾರತ ಸರಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿತು.

ಇನ್ನು ಮಿನಿ ಕಂಪ್ಯೂಟರು. 2012ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಕಲಿಕೆಗೆಂದು ಬಂದ ರಾಸ್ಪ್‌ಬೆರಿ ಪೈ ಒಂದು ಚೀಟಿಯಷ್ಟೇ ಅಗಲದ್ದು. ಅದರಲ್ಲಿ ರ್‍ಯಾಮ್ ಬೆಸುಗೆಯದೇ. ಪೆಟ್ಟಿಗೆಯಾಕಾರದ ಮಿನಿಗಳಲ್ಲಿ ಹಲವಕ್ಕೆ ರ್‍ಯಾಮನ್ನೂ ಸಂಗ್ರಹವನ್ನೂ ಹೆಚ್ಚಿಸಿಕೊಳ್ಳಬಹುದು. ಪರದೆ, ಕೀಲಿಮಣೆಗಳು ಹೊರಗಿನವಾದ್ದರಿಂದ ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಸಾಮಾನ್ಯವಾಗಿ ಇವಕ್ಕೆ ಸ್ವಂತ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದೊಡನೆ ಉಳಿಸದ ಕೆಲಸವೆಲ್ಲ ಹೋಯಿತು!

ಕಿರಿದಾದ ಗಣಕದ ಕನಸನ್ನು ಕರ್ನಾಟಕವೂ ಕಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ ಅಂಗೈಯಲ್ಲಿ ಹಿಡಿಯುವ ಸಿಂಪ್ಯೂಟರನ್ನು ರೂಪಿಸಿದರು. ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ತೂರಿಸಿ ಊರಿನ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲಿ ಎಂಬುದು ಅವರ ಆಶಯ. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಮಾರಾಟವಾದುದು ಕೆಲವೇ ಸಾವಿರ. ಎಷ್ಟೇ ಉತ್ತಮ ಉಪಕರಣವಾದರೂ ಅದರ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯಬೇಕಾದರೆ ಸಾಕಷ್ಟು ಜನ ಅದನ್ನು ಬಳಸುತ್ತಿರಬೇಕು.

ಆದುದರಿಂದ ವಡಗಾವಿಯ ಮನೆಯವರು ಮೊದಲು ಕೇಳಬೇಕಾದುದು ಯಂತ್ರ ಎಲ್ಲಿ ಇರುವುದೆಂದು. ಮಗಳು ಚೀಲದಲ್ಲಿ ಹೊತ್ತೊಯ್ಯುವಳಾದರೆ ಬಿಚ್ಚಲು ಬರುವ ಲ್ಯಾಪ್‌ಟಾಪೇ ಸರಿ. ಕಚೇರಿಗಳಲ್ಲಿ ಬಳಸಿಬಿಟ್ಟ ಗಟ್ಟಿ ಮಾದರಿಯಾದರೂ ಆದೀತು. ರ್‍ಯಾಮ್ ಬೆಸುಗೆಯದೋ ತೆಗೆಯಬಹುದಾದುದೋ, ಬ್ಯಾಟರಿ ಬೆಳಗಾವಿಯ ಪೇಟೆಯಲ್ಲಿಯೇ ಸಿಕ್ಕೀತೋ ಎಂಬುದನ್ನು ಹಣ ಕೊಡುವ ಮುನ್ನವೇ ವಿಚಾರಿಸಬೇಕು. ಮಗ್ಗದ ಬದಿಯ ಮೇಜಿನ ಮೇಲೆಯೇ ಕೂರುವುದಾದರೆ ಮಿನಿ ಸಾಕು, ಜೊತೆಗೊಂದು ಯು.ಪಿ.ಎಸ್. ಇರಲಿ. ಪರದೆ, ಕೀಲಿಮಣೆ, ಯು.ಪಿ.ಎಸ್.ಗಳ ಬೆಲೆಯನ್ನು ಕೂಡಿಸಿದಾಗ ಮಿನಿಯ ಅಗ್ಗತನ ಎಷ್ಟೋ ಕರಗುವುದೆಂಬುದನ್ನು ಮರೆಯಬಾರದು.

ಎರಡನ್ನೂ ಒಂದೇ ಯಂತ್ರದಿಂದ ಪಡೆಯುವ ದಾರಿಯೂ ಇದೆ. ಫ್ರೇಮ್‌ವರ್ಕ್‌ನಂಥ ಲ್ಯಾಪ್‌ಟಾಪಿಗೆ ಕೆಲವು ವರ್ಷಗಳ ಬಳಿಕ ಹೊಸ ಮುಖ್ಯ ಫಲಕ ಹಾಕಿದಾಗ, ಹೊರತೆಗೆದ ಹಳೆಯ ಫಲಕವನ್ನು ಚಿಕ್ಕ ಪೆಟ್ಟಿಗೆಯೊಂದರಲ್ಲಿ ಕೂರಿಸಿ ಪರದೆಗೆ ಜೋಡಿಸಬಹುದು. ಹೊಸ ಫಲಕ ಮಗಳ ಚೀಲದಲ್ಲಿ ಕಾಲೇಜಿಗೆ ಹೋದರೆ, ಹಳೆಯದು ಮಗ್ಗದ ಪಕ್ಕದಲ್ಲಿ ಕುಳಿತು ಸೆರಗಿನ ವಿನ್ಯಾಸವನ್ನು ತೋರಿಸುತ್ತಿರುತ್ತದೆ.