ಅಲಗಿನ ತುದಿಯಲ್ಲಿ ಏನೂ ಇಲ್ಲ!

ಶಾಯಿ ಹೋಯಿತು! ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನಲ್ಲಿ ಬಳಿದಿದ್ದ ಕಪ್ಪು ಗೆರೆ, ಕಲ್ಲಿನ ಮೇಲೆ ಎರಡೇ ಎರಡು ಸಲ ಎಳೆದದ್ದಕ್ಕೆ, ಬುಡದಿಂದ ತುದಿವರೆಗೆ ಮಾಯ! ಬಂಟ್ವಾಳದ ನಮ್ಮ ಮನೆಯ ಹಿಂಬದಿ ಜಗಲಿ, ರಾತ್ರಿ ಹನ್ನೊಂದು ಗಂಟೆ, ಹೊರಗೆ ಹಂಚು ಒಡೆಯುವಂಥ ಜೂನ್ ಮಳೆ. ನಾನು ಹಾಕಿದ ಕೂಗಿಗೆ ಹೆಂಡತಿ ಟಾರ್ಚು ಹಿಡಿದು ಓಡಿ ಬಂದಳು.

“ಎಂತದು, ಹಾವಾ?”

“ಅಲ್ಲ ಮಾರಾಯ್ತಿ, ಓರೆ ಕೂತಿತು!”

ಅವಳು ಟಾರ್ಚು ಆರಿಸಿ ಒಳಗೆ ಹೋದಳು. ಹೋಗಲಿ. ಮೂರು ವಾರದಿಂದ ಕೂರದೇ ಇದ್ದ ಓರೆ ಕೂತ ರಾತ್ರಿ ಅದು. ಆ ಹೊತ್ತಿಗೆ ಹಾವು ಬಂದಿದ್ದರೂ ಅದಕ್ಕೂ ತೋರಿಸಿಬಿಡುತ್ತಿದ್ದೆ.

ಕತೆ ಶುರುವಾದದ್ದು ಬಿ.ಸಿ. ರೋಡಿನ ಒಂದು ಗುಜರಿ ಅಂಗಡಿಯಲ್ಲಿ. ತುಕ್ಕು ಹಿಡಿದ ಬೀಗದ ಕೈಗಳ ರಾಶಿಯಲ್ಲಿ, ಹಿಡಿ ಸಡಿಲಾದ, ಮಡಚುವ ಒಂದು ಕ್ಷೌರದ ಕತ್ತಿ. ಉಜ್ಜಿ ನೋಡಿದರೆ ಬುಡದಲ್ಲಿ ಜರ್ಮನಿಯ ಜೋಲಿಂಗನ್ ಊರಿನ ಹೆಸರು. ಬ್ಲೇಡು, ಕತ್ತಿ, ಚೂರಿಗಳಿಗೆಂದೇ ಶತಮಾನಗಳಿಂದ ಹೆಸರಾದ ಊರು ಅದು. ಯಾರ ಗಡ್ಡ ತೆಗೆದು, ಯಾವ ಪೆಟ್ಟಿಗೆಯಲ್ಲಿ ಕೂತು, ಹೇಗೆ ಈ ರಾಶಿಗೆ ಬಂತೋ! ತಂದೆ. ಮನೆಯಲ್ಲಿದ್ದ ಸಾಣೆಕಲ್ಲಿಗೆ, ಅದೇ ಅಡಿಕೆ ಸುಲಿಯುವ ಕತ್ತಿ ಮಸೆಯುವ ಕಲ್ಲಿಗೆ, ಗರಗರ ತಿಕ್ಕಿದೆ. ಮಾಡಬಾರದಾಗಿತ್ತು. ಅಂಚು ಗರಗಸವಾಯಿತು.

ಆಮೇಲೆ ಗೊತ್ತಾಯಿತು ನೋಡಿ ಮೊದಲನೇ ಸೋಜಿಗ. ಅಡುಗೆಮನೆಯ ಚೂರಿಯನ್ನು ಎಷ್ಟು ಓರೆಯಾಗಿ ಹಿಡಿದು ಮಸೆಯಬೇಕೆಂಬುದು ನಮ್ಮ ಕೈಗೆ ಬಿಟ್ಟದ್ದು. ಕೈ ಅಲುಗಾಡಿದರೆ ಕೆಟ್ಟಿತು. ಕ್ಷೌರದ ಕತ್ತಿಯಲ್ಲಿ ಆ ಲೆಕ್ಕ ಕತ್ತಿಯ ಮೈಯಲ್ಲೇ ಇದೆ! ಬೆನ್ನು ದಪ್ಪ, ನಡು ಎರಡೂ ಕಡೆ ತಗ್ಗು, ಅಂಚು ತೆಳು. ಕಲ್ಲಿನ ಮೇಲೆ ಬೆನ್ನನ್ನೂ ಅಂಚನ್ನೂ ಒಟ್ಟಿಗೆ ಮಲಗಿಸಿಬಿಟ್ಟರೆ ಸಾಕು, ಎರಡು ಮಗ್ಗುಲೂ ಸೇರಿ ಸುಮಾರು ಹದಿನಾರು ಹದಿನೇಳು ಡಿಗ್ರಿಯ ಕೋನ ತಾನಾಗಿ ಬರುತ್ತದೆ. ಕತ್ತಿ ಮಾಡಿದವನು ಯಾವತ್ತೋ ಸತ್ತಿದ್ದಾನೆ, ಅವನ ಕೈ ಮಾತ್ರ ಇನ್ನೂ ಈ ಬೆನ್ನಿನಲ್ಲಿ ಕೂತು ನನ್ನ ಕೈಯನ್ನು ಹಿಡಿದು ನಡೆಸುತ್ತಿದೆ! ನಾನು ಮಾಡಬೇಕಾದ್ದು ಒಂದೇ, ಒತ್ತದೇ ಇರುವುದು. ಅಷ್ಟು ಮಾಡದೇ ಇರಲು ನನಗೆ ಮೂರು ವಾರ ಬೇಕಾಯಿತು.

ಎರಡನೆಯದು ಇನ್ನೂ ದೊಡ್ಡದು. ಹರಿತ ಎಂದರೆ ಅಂಚಿಗೆ ನಾವು ಏನನ್ನೋ ಕೊಡುವುದು ಎಂದುಕೊಂಡಿದ್ದೆ. ಅಲ್ಲ! ಎಡದ ಓರೆ, ಬಲದ ಓರೆ, ಎರಡು ಸಮತಟ್ಟುಗಳು ಒಂದನ್ನೊಂದು ಮುಟ್ಟುವ ಗೆರೆ ಅದು, ಅಷ್ಟೆ. ಆ ಗೆರೆಯಲ್ಲಿ ಉಕ್ಕು ಇದ್ದಷ್ಟೂ ಮೊಂಡು, ಇಲ್ಲವಾದಷ್ಟೂ ಚೂಪು. ಮಾರ್ಕರ್ ಶಾಯಿ ಹಚ್ಚುವುದು ಅದಕ್ಕೇ: ಎಲ್ಲಿ ಶಾಯಿ ಉಳಿಯಿತೋ ಅಲ್ಲಿ ಕಲ್ಲು ಅಂಚನ್ನು ಮುಟ್ಟಿಯೇ ಇಲ್ಲ. ಮೂಡುಬಿದಿರೆಯ ಮಠದಲ್ಲಿ ತಾಡವೋಲೆಗಳನ್ನು ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಕಬ್ಬಿಣದ ಕಂಟದಿಂದ ಗೀರಿದ ಓಲೆಯಲ್ಲಿ ಅಕ್ಷರ ಸುಲಭಕ್ಕೆ ಕಾಣುವುದಿಲ್ಲ. ಮಸಿ ಉಜ್ಜಿ ಒರೆಸಿದಾಗ ಗೀರಿನೊಳಗೆ ಮಸಿ ಉಳಿದು ಅಕ್ಷರ ಎದ್ದು ಬರುತ್ತದೆ. ಅಲ್ಲಿ ಉಳಿದ ಮಸಿ ಓದಿಸುತ್ತದೆ, ಇಲ್ಲಿ ಉಳಿದ ಶಾಯಿ ಬಯ್ಯುತ್ತದೆ.

ಈ ಎರಡು ಓರೆಗಳನ್ನು ಅಂಚಿನುದ್ದಕ್ಕೂ ಕೂಡಿಸುವುದು, ಅಂದರೆ ಓರೆ ಕೂರಿಸುವುದು, 1000 ನಂಬ್ರದ ಕಲ್ಲಿನಲ್ಲಿ. ನಂಬ್ರ ಏರಿದಷ್ಟೂ ಕಲ್ಲು ನಯ. ಅಲ್ಲಿಂದ 5000, ಅಲ್ಲಿಂದ 8000. ಆ 8000ದ ಕಲ್ಲಿನ ಕಣ ಒಂದು ಮೈಕ್ರಾನಿನ ಆಸುಪಾಸು. ನಮ್ಮ ತಲೆಯ ಒಂದು ಕೂದಲೇ 50ರಿಂದ 100 ಮೈಕ್ರಾನ್ ದಪ್ಪ! ಪ್ರತಿ ಕಲ್ಲೂ ಹಿಂದಿನ ಕಲ್ಲಿನ ಗೀರುಗಳನ್ನು ತನ್ನ ಸಣ್ಣ ಗೀರುಗಳಿಂದ ಅಳಿಸುತ್ತಾ ಹೋಗುತ್ತದೆ. ಹೊಳಪು ಎಂದರೆ ಇಷ್ಟೇ, ಕಣ್ಣಿಗೆ ಸಿಗದಷ್ಟು ಸಣ್ಣ ಗೀರು. ಇದು ತಲೆಗೆ ಹೋದ ಮೇಲೆ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಗೆ ಹೋದಾಗ ನಾನು ತೀರ್ಥಂಕರರಿಗೆ ಕೈಮುಗಿಯುವ ಮೊದಲು ಕಂಬಕ್ಕೆ ಕೈ ಸವರಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಮಸೆಗಲ್ಲುಗಳ ಲೋಕವೇ ಒಂದು ಪುರಾಣ. ಅಮೆರಿಕದ ಅರ್ಕಾನ್ಸಾದಲ್ಲಿ ಸಿಗುವ ನೊವಾಕ್ಯುಲೈಟ್ ಎಂಬ ಶಿಲೆಗೆ ಆ ಹೆಸರು ಬಂದದ್ದೇ ಕ್ಷೌರದ ಕತ್ತಿಯ ಲ್ಯಾಟಿನ್ ಹೆಸರಿನಿಂದ. ಬೆಲ್ಜಿಯಂನ ಆರ್ಡೆನ್ ಗುಡ್ಡಗಳ ಹಳದಿ ಕಲ್ಲು ಕೋಟಿಕ್ಯೂಲ್. ಅದರೊಳಗಿನ ಕಣ್ಣಿಗೆ ಕಾಣದ ಗಾರ್ನೆಟ್ ಹರಳುಗಳೇ ಉಕ್ಕನ್ನು ತಿನ್ನುವುದು. ಒಡವೆಗೆ ಕೂರಿಸುವ ಹರಳು, ಗಡ್ಡದ ಕತ್ತಿಗೂ! ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಓದುತ್ತಿದ್ದವನಿಗೆ ಒಂದು ದಿನ ಥಟ್ಟನೆ ನೆನಪಾಯಿತು: ಚಿಕ್ಕಂದಿನಲ್ಲಿ ಕಳ್ಳು ಇಳಿಸಲು ನಮ್ಮ ತೋಟಕ್ಕೆ ಬರುತ್ತಿದ್ದ ಮೂರ್ತೆಯವರು. ಅವರು ಮಸೆಯುತ್ತಿದ್ದದ್ದು ಕಲ್ಲಿನ ಮೇಲಲ್ಲ, ಮರದ ಹಲಗೆಯ ಮೇಲೆ! ಹಲಗೆಗೆ ಬೊಳ್ಕಲ್ಲಿನ, ಅಂದರೆ ಬೆಣಚುಕಲ್ಲಿನ, ಪುಡಿ ಉದುರಿಸಿ ಕತ್ತಿಯನ್ನು ಸರ್ರ್ ಸರ್ರ್ ಎಂದು ಎಳೆಯುವುದು. ಉಜ್ಜಿದಷ್ಟೂ ಪುಡಿ ಒಡೆದು ನುಣ್ಣಗಾಗುತ್ತದೆ. ಶುರುವಿಗೆ ತರಿ, ಕೊನೆಗೆ ಹಿಟ್ಟು. ಅಂದರೆ ನಾನು ದುಡ್ಡು ಸುರಿದು ತರಿಸಿದ ಮೂರು ಕಲ್ಲುಗಳ ಕೆಲಸ ಆ ಒಂದೇ ಹಲಗೆಯಲ್ಲಿ! ಹೊಂಬಾಳೆಯ ತುದಿಯನ್ನು ದಿನಾ ಕಾಗದದಷ್ಟು ತೆಳ್ಳಗೆ ಸವರಬೇಕು. ಕತ್ತಿ ಮೊಂಡಾದರೆ ಕೊಯ್ಯುವ ಬದಲು ಜಜ್ಜುತ್ತದೆ, ಜಜ್ಜಿದಲ್ಲಿ ಕಳ್ಳು ಇಳಿಯುವುದಿಲ್ಲ. ಹರಿತದ ಮೇಲೆ ಆ ದಿನದ ಅನ್ನ ನಿಂತಿತ್ತು. ನನ್ನದು ಬರೇ ಗಡ್ಡ.

ಇನ್ನು ಚರ್ಮದ ಪಟ್ಟಿ. ನಮ್ಮ ಕಡೆ ಸೆಲೂನುಗಳಲ್ಲಿ ಅದಕ್ಕೆ ಬೆಲ್ಟು ಎಂದೇ ಹೆಸರು. ಕಲ್ಲಿನ ಮೇಲೆ ಅಂಚು ಮುಂದೆ, ಬೆಲ್ಟಿನ ಮೇಲೆ ಬೆನ್ನು ಮುಂದೆ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಅಂಚಿನ ಮೇಲಲ್ಲ. ಮೊದಲ ದಿನ ಹಿಂದುಮುಂದಾಗಿ ಹೊಸ ಬೆಲ್ಟು ಸೌತೆಕಾಯಿ ಹೋಳಿನಂತೆ ಎದ್ದುಬಂತು. ಎರಡನೇ ವಾರ ನಲ್ಲಿಗೆ ಅಂಚು ತಾಗಿತು. ಕಣ್ಣಿಗೆ ಏನೂ ಕಾಣಲಿಲ್ಲ, ಭೂತಗನ್ನಡಿಯಲ್ಲಿ ನೋಡಿದರೆ ಇಲಿ ಕಚ್ಚಿದ ಹಾಗೆ. ಮತ್ತೆ 1000ದ ಕಲ್ಲಿಗೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಗೋಡೆಯೇ ಬೆವರುವ ಕಾಲ; ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ. ಒರೆಸಿ, ತೆಂಗಿನೆಣ್ಣೆ ಸವರಿದ ಬೆರಳನ್ನು ಬೆನ್ನಿನ ಕಡೆಯಿಂದ ಎಳೆದು ಇಡುತ್ತೇನೆ. ಬಾತ್‌ರೂಮಿನಲ್ಲಿ ಮಾತ್ರ ಇಡಬೇಡಿ.

ಇಷ್ಟಾದರೂ ನನಗೊಂದು ಪ್ರಶ್ನೆ ಉಳಿದಿತ್ತು. ಉಕ್ಕಿಗಿಂತ ಕೂದಲು ಎಷ್ಟೋ ಮೆದು, ಹಾಗಿದ್ದರೆ ಕತ್ತಿ ಮೊಂಡಾಗುವುದಾದರೂ ಹೇಗೆ? ಉತ್ತರ ಸಿಕ್ಕಿದ್ದು 2020ರಲ್ಲಿ! ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಉಕ್ಕು ಕೂದಲಿಗಿಂತ ಐವತ್ತು ಪಟ್ಟು ಗಟ್ಟಿ, ಆದರೂ ಕೂದಲು ಬಾಗಿ ಓರೆಯಾಗಿ ಸಿಕ್ಕಾಗ, ಉಕ್ಕಿನ ಒಳರಚನೆ ಎಲ್ಲಿ ಏಕರೂಪವಾಗಿಲ್ಲವೋ ಅಲ್ಲಿ, ಅಂಚು ಚಕ್ಕೆ ಏಳುತ್ತದೆ. ಸವೆಯುವುದಕ್ಕಿಂತ ಹೆಚ್ಚು ಒಡೆಯುವುದು! ಗಡ್ಡವನ್ನು ಬಿಸಿನೀರಲ್ಲಿ ಚೆನ್ನಾಗಿ ನೆನೆಸಿ ಮೆದು ಮಾಡುವ ಹಳಬರ ಕ್ರಮ ಕೆನ್ನೆಗೆ ಮಾತ್ರ ಮಾಡಿದ ಉಪಕಾರವಲ್ಲ ಎಂದು ಅವತ್ತು ಅನ್ನಿಸಿತು. ಆತ್ಮಜ್ಞಾನದ ದಾರಿಯನ್ನು ಕ್ಷೌರದ ಕತ್ತಿಯ ಅಲಗಿಗೆ ಹೋಲಿಸಿದ ಕಠೋಪನಿಷತ್ತಿನ ಋಷಿ ಯಾವ ಕಲ್ಲಿನಲ್ಲಿ ಮಸೆದ ಕತ್ತಿ ನೋಡಿದ್ದನೋ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ನಮ್ಮ ಈ ಮೂರು ಊರುಗಳ ನಡುವೆ ಕತ್ತಿಯ ಕತೆ ಇನ್ನೂ ವಿಚಿತ್ರ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಜನ ಹರಕೆಗೆ ಮುಡಿ ಕೊಟ್ಟು ನೇತ್ರಾವತಿಯಲ್ಲಿ ಮುಳುಗೇಳುತ್ತಾರೆ. ಇತ್ತ ಜೈನಕಾಶಿ ಮೂಡುಬಿದಿರೆಗೆ ವಿಹಾರ ಬರುವ ದಿಗಂಬರ ಮುನಿಗಳು ಕತ್ತಿಯನ್ನು ಮುಟ್ಟುವುದೇ ಇಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಕೇಶಲೋಚನ, ಬರಿಗೈಯಲ್ಲಿ ಕೂದಲು ಕೀಳುವುದು. ಒಂದು ಕಡೆ ಕತ್ತಿಯೇ ಹರಕೆಯ ಸಾಧನ, ಇನ್ನೊಂದು ಕಡೆ ಕತ್ತಿ ಬಿಡುವುದೇ ವ್ರತ. ನಾನು ನಡುವೆ ಬಂಟ್ವಾಳದಲ್ಲಿ ಕೂತು ಗಲ್ಲಕ್ಕೆ ಪಟಿಕ ಒತ್ತಿಕೊಳ್ಳುತ್ತಿದ್ದೇನೆ.

ಮೊದಲ ಪೂರ್ತಿ ಗಡ್ಡ ತೆಗೆದ ಮರುವಾರ ಬೆಳ್ತಂಗಡಿ ಪೇಟೆಯ ಒಂದು ಹಳೇ ಸೆಲೂನಿಗೆ ಕತ್ತಿ ಹಿಡಿದುಕೊಂಡು ಹೋದೆ. ಅಲ್ಲೂ ಈಗ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದಲ್ಲ, ಅದು ಸರಿಯೇ. ಗಿಲೆಟ್ ಎಂಬಾತ 1903ರಲ್ಲಿ ಎಸೆಯುವ ಬ್ಲೇಡಿನ ರೇಜರ್ ಮಾರಾಟಕ್ಕಿಟ್ಟಾಗ ಆ ವರ್ಷ ಹೋದದ್ದು 51 ರೇಜರ್, 168 ಬ್ಲೇಡು. ಈಗ ಜಗತ್ತೇ ಬ್ಲೇಡು ಎಸೆಯುತ್ತಿದೆ. ಆದರೆ ಕುರ್ಚಿಯ ಪಕ್ಕದ ಮೊಳೆಯಲ್ಲಿ ಹಳೇ ಬೆಲ್ಟು ಇನ್ನೂ ನೇತಾಡುತ್ತಿತ್ತು, ನಡುಭಾಗ ಕಪ್ಪಾಗಿ, ಕನ್ನಡಿಯಂತೆ ಮಿನುಗುತ್ತ.

“ಕತ್ತಿ ಕೊಡಿ ಮಾಷ್ಟ್ರೇ, ನೋಡುವ” ಎಂದರು ಅಂಗಡಿಯ ಹಿರಿಯರು. ನೋಡಲಿಲ್ಲ. ಕಣ್ಣು ಗೋಡೆಯ ಟೀವಿಯಲ್ಲಿ ಬರುತ್ತಿದ್ದ ಯಕ್ಷಗಾನದ ಮೇಲೆಯೇ ಇತ್ತು. ಬೆಲ್ಟನ್ನು ಎಡಗೈಯಲ್ಲಿ ಬಿಗಿದು, ಕತ್ತಿಯನ್ನು ಮೇಲೊಮ್ಮೆ ಕೆಳಗೊಮ್ಮೆ ಎಳೆದರು. ನಾನು ಮನೆಯಲ್ಲಿ ಎಳೆದಾಗ ಬರುವ ಶಬ್ದವೇ ಅಲ್ಲ ಅದು, ರೇಷ್ಮೆ ಸೀರೆ ಸರಿದ ಹಾಗೆ. ಮೂರನೇ ಎಳೆತಕ್ಕೆ ಕೈ ನಿಂತಿತು.

“ತುದಿಯಿಂದ ಎರಡು ಬೆರಳು ಈಚೆ. ಅಲ್ಲಿ ಶಬ್ದ ಬೇರೆ ಉಂಟು.”

“ನನಗೇನೂ ಕೇಳಿಸಲಿಲ್ಲವಲ್ಲ?”

“ನೀವು ನೋಡ್ತಾ ಇದ್ರಿ” ಎಂದು ಕತ್ತಿ ಮಡಚಿ ಕೊಟ್ಟರು.

ಮನೆಗೆ ಬಂದವನೇ ಅಂಗಿ ಕೂಡ ಕಳಚದೆ ಭೂತಗನ್ನಡಿ ಹಿಡಿದೆ. ತುದಿಯಿಂದ ಎರಡು ಬೆರಳು ಈಚೆ, ಸೂಜಿಮೊನೆಯಷ್ಟು ಜಾಗದಲ್ಲಿ, ಅಂಚು ಮಿಣ್ಣಗೆ ಹೊಳೆಯುತ್ತಿತ್ತು. ಚೂಪಾದ ಅಂಚು ಹೊಳೆಯುವುದಿಲ್ಲ, ಬೆಳಕು ಕೂರಲು ಅಲ್ಲಿ ಜಾಗವೇ ಇರುವುದಿಲ್ಲ. ಮಾರ್ಕರ್ ಪೆನ್ನು ಹುಡುಕಿದೆ.